ಜಿನ್ನವ್ವಾಯಿಯ ಬಿಂದಿಗೆಯೊಳಗಿನ ಬೆಳಕು

ಇಂಥ ಸಂಗತಿಗಳನ್ನು ನಾನು ನಂಬುವವನಲ್ಲ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾರಾದರೂ ನನ್ನೆದುರು ಕುಳಿತು ಹುಣಸೆಮರದ ಬುಡದಲ್ಲಿ ಬಿಳಿ ಸೀರೆ ಕಂಡಿತು, ತೀರಿಕೊಂಡ ಅಜ್ಜ ಹೆಸರು ಹಿಡಿದು ಕರೆದ ಎಂದು ಶುರುಮಾಡಿದರೆ, ಅವತ್ತು ಊಟಕ್ಕೆ ಏನು ತಿಂದಿದ್ದಿರಿ ಎಂದು ಕೇಳುವ ಕೆಟ್ಟ ಚಟ ನನಗಿತ್ತು. ಈಗ ಅದೇ ಪ್ರಶ್ನೆಯನ್ನು ನೀವು ನನಗೆ ಕೇಳಬಹುದು. ಉತ್ತರ ಸಿದ್ಧವಿದೆ. ಜೋಳದ ರೊಟ್ಟಿ, ಮಡಕೆಕಾಳಿನ ಪಲ್ಯ, ಮಜ್ಜಿಗೆ. ಹೊಟ್ಟೆ ಸರಿಯಾಗಿತ್ತು. ಜ್ವರವಿರಲಿಲ್ಲ. ಅಲ್ಲದೆ ಇದು ನಡೆದದ್ದು ಮಟಮಟ ಮಧ್ಯಾಹ್ನ, ಗೋಕಾವಿಯ, ಅಂದರೆ ಗೋಕಾಕದ, ಬೇಸಿಗೆಯಲ್ಲಿ. ದೆವ್ವಗಳಿಗೂ ಹೊರಗೆ ಬರಲು ಮನಸ್ಸಾಗದ ಹೊತ್ತು ಅದು.

ನಾನು ಚಿಂತೆಯ ಮನುಷ್ಯ. ಮಾಸ್ತರಿಕೆ ನನ್ನ ಉಪಕಸುಬು. ಮುಖ್ಯ ಕಸುಬು ಚಿಂತೆ ಮಾಡುವುದು. ಮನೆಗೆ ಬೀಗ ಹಾಕಿ ಓಣಿಯ ತುದಿ ಮುಟ್ಟುವುದರೊಳಗೆ ಒಮ್ಮೆ ಹಿಂದಿರುಗಿ ಬೀಗ ಜಗ್ಗಿ ನೋಡದಿದ್ದರೆ ನನಗೆ ಪಾಠ ಹೇಳಲು ಬಾಯಿ ಬರುವುದಿಲ್ಲ. ಪ್ರಾಯದಲ್ಲಿಯೂ ಹೀಗೆಯೇ ಇದ್ದೆ. ಆಗ ಕೂದಲು ಹೆಚ್ಚಾಗಿತ್ತು, ಅಷ್ಟೇ ವ್ಯತ್ಯಾಸ.

ಆ ಪ್ರಾಯದಲ್ಲಿ ಕೆಲವು ಕಾಲ ಮುಂಬಯಿಯ ಒಂದು ಪ್ರಯೋಗಶಾಲೆಯಲ್ಲಿದ್ದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳನ್ನು, ಬ್ಯಾಕ್ಟೀರಿಯಗಳನ್ನು, ಬೆಳೆಸಿ ಬಣ್ಣ ಹಾಕಿ ಗುರುತು ಹಿಡಿಯುವ ವಿದ್ಯೆ ಅಲ್ಲಿ ಕಲಿತೆ. ಆಮೇಲೆ ಕಾಮಾಲೆಯಾಗಿ ಮಲಗಿದೆ. ಎದ್ದು ನೋಡುವಷ್ಟರಲ್ಲಿ ನನ್ನ ಜಾಗದಲ್ಲಿ ಬೇರೊಬ್ಬರು ಕುಳಿತಿದ್ದರು. ಅಲ್ಲಿಯ ಗುರುಗಳು ಒಳ್ಳೆಯವರು. ನೀನೇ ಸ್ವತಃ ಕಂಡುಹಿಡಿದ ಒಂದು ಸಂಗತಿಯನ್ನು ಹಿಡಿದುಕೊಂಡು ಬಾ, ನಿನಗೆ ಜಾಗ ಕೊಡಿಸುತ್ತೇನೆ ಎಂದರು. ನಾನು ಒಂದು ಹಳೆಯ ಸೂಕ್ಷ್ಮದರ್ಶಕವನ್ನು ಟ್ರಂಕಿನಲ್ಲಿ ಹಾಸಿಗೆಯ ನಡುವೆ ಇಟ್ಟುಕೊಂಡು ಗೋಕಾವಿಗೆ ಬಂದು, ಸಾಲೆಯಲ್ಲಿ ವಿಜ್ಞಾನ ಹೇಳುವ ಕೆಲಸ ಹಿಡಿದೆ. ಮರಳಿ ಹೋಗಬೇಕೆಂಬ ಆಸೆ ಮಾತ್ರ ದಿನಾಲು ಬೆಳಿಗ್ಗೆ ನನಗಿಂತ ಮೊದಲೇ ಏಳುತ್ತಿತ್ತು.

ಒಂದು ರಜೆಯಲ್ಲಿ ಕಾರವಾರಕ್ಕೆ ಹೋಗಿದ್ದೆ. ಚಂದ್ರನಿಲ್ಲದ ಸಂಜೆ ಸಮುದ್ರದ ತೆರೆ ಒಡೆದಲ್ಲೆಲ್ಲ ನೀಲಿ ಹಸಿರು ಬೆಳಕು ಹೊಳೆಯಿತು. ಅಂಥ ಬೆಳಕು ಕೊಡುವ ಜೀವಿಗಳಲ್ಲಿ ಬ್ಯಾಕ್ಟೀರಿಯಗಳೂ ಉಂಟೆಂದು ಓದಿದ್ದೆ. ತೊಳೆದು ತಂದಿದ್ದ ಶೀಶೆಯಲ್ಲಿ ನೀರು ತುಂಬಿಕೊಂಡು, ದಾರಿಯುದ್ದಕ್ಕೂ ಅದನ್ನು ಒದ್ದೆ ಅರಿವೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಮೋಟಾರಿನಲ್ಲಿ ಬಾಜೂದಲ್ಲಿ ಕುಳಿತವನು ಔಷಧವೇ ಎಂದು ಕೇಳಿದ. ಹೌದೆಂದೆ.

ಗೋಕಾವಿಯಲ್ಲಿ ನಾನಿದ್ದದ್ದು ಜಿನ್ನವ್ವಾಯಿಯ ಮನೆಯಲ್ಲಿ. ಗಂಡ ತೀರಿದ, ಮಕ್ಕಳಿಲ್ಲದ ಜೈನರ ಹಿರಿಯ ಹೆಂಗಸು. ಓಣಿಯೆಲ್ಲ ಅವರನ್ನು ಆಯಿ ಎನ್ನುತ್ತಿತ್ತು, ನಾನೂ ಹಾಗೆಯೇ ಅನ್ನುತ್ತಿದ್ದೆ. ನಾನು ಲಿಂಗವಂತ, ಘೋಡಗೇರಿಯ ಒಕ್ಕಲುತನದವರ ಮಗ. ಮಾಂಸ ಮೀನಿನ ಮಾತು ನಮ್ಮಲ್ಲಿ ಇಲ್ಲ. ಆದರೂ ಕೋಣೆ ಕೊಡುವಾಗ ಆಯಿ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕರಾರು ಹೇಳಿದರು. ಉಳ್ಳಾಗಡ್ಡಿ ಒಳಗೆ ಬರಬಾರದು. ಬೆಳ್ಳುಳ್ಳಿ ಬರಬಾರದು. ಸೋಸದ ನೀರು ಯಾವುದಕ್ಕೂ ಬಳಸಬಾರದು. ಹೊತ್ತು ಮುಳುಗಿದ ಮೇಲೆ ಅವರು ಒಂದು ಗುಟುಕು ನೀರು ಸಹ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ರಾತ್ರಿ ಅವರೆದುರು ನನ್ನ ಫಳಾರದ ವಾಸನೆ ಸುಳಿಯಬಾರದು.

ನೀರು ಸೋಸುವ ಅವರ ಕ್ರಮವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಹಿತ್ತಿಲ ಬಾವಿಯಿಂದ ಸೇದಿದ ನೀರನ್ನು ಎರಡು ಪದರಿನ ದಪ್ಪ ಅರಿವೆಯಲ್ಲಿ ಸೋಸುವರು. ಅಲ್ಲಿಗೆ ಮುಗಿಯುತ್ತಿರಲಿಲ್ಲ. ಅರಿವೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ಅದನ್ನು ತೊಳೆದು, ಆ ತೊಳೆದ ನೀರನ್ನು ಸಣ್ಣ ಗಿಂಡಿಯಲ್ಲಿ ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು, ನೀರಿನ ಮಟ್ಟದಲ್ಲಿ ಮೆಲ್ಲಗೆ ಮಗುಚುವರು. ಅರಿವೆಯಲ್ಲಿ ಸಿಕ್ಕ ಜೀವಗಳು ತಮ್ಮ ನೀರಿಗೆ ಮರಳಬೇಕು. ಬಾವಿಯವು ಬಾವಿಗೆ, ಹೊಳೆಯವು ಹೊಳೆಗೆ. ಒಂದು ನೀರಿನ ಜೀವವನ್ನು ಇನ್ನೊಂದು ನೀರಿಗೆ ಬಿಟ್ಟರೆ ಕೊಂದ ಹಾಗೆಯೇ. ಇದು ಮುಗಿಯದೆ ಅವರು ಯಾವ ನೀರನ್ನೂ ಬಾಯಿಗೆ ಮುಟ್ಟಿಸುತ್ತಿರಲಿಲ್ಲ.

ಇಂಥ ಮನೆಯಲ್ಲಿ ನಾನು ಸಮುದ್ರದ ಬ್ಯಾಕ್ಟೀರಿಯ ಸಾಕಲು ಹೊರಟಿದ್ದೆ. ಪುಸ್ತಕದ ಪ್ರಕಾರ ಅವಕ್ಕೆ ಮೀನಿನ ಸಾರು ಉಣಿಸಬೇಕು. ಆ ಸಾರನ್ನು ಆಯಿಯ ಹೊಸ್ತಿಲು ದಾಟಿಸುವ ಧೈರ್ಯ ನನಗಿರಲಿಲ್ಲ. ಮುಟ್ಟಿ ಕುದಿಸುವ ಧೈರ್ಯವಂತೂ ಇಲ್ಲವೇ ಇಲ್ಲ. ಹೆಸರುಕಾಳು ಬೇಯಿಸಿ ಬಸಿದ ಕಟ್ಟಿಗೆ ಸಮುದ್ರದಷ್ಟೇ ಉಪ್ಪು ಹಾಕಿ, ಹೆಪ್ಪುಗಟ್ಟಲು ಕಡಲಪಾಚಿಯ ಅಗರ್ ಸೇರಿಸಿ, ಗಾಜಿನ ಕೊಳವೆಗಳಲ್ಲಿ ಓರೆಯಾಗಿ ಆರಿಸಿದೆ. ಬೆಳೆಯಲಾರವು ಎಂದುಕೊಂಡೇ ಶೀಶೆಯ ನೀರಿನಲ್ಲಿ ಅದ್ದಿದ ತಂತಿಯನ್ನು ಅದರ ಮೇಲೆ ಎಳೆದೆ. ಒಂದೇ ಒಂದು ಬಗೆ ಬೆಳೆಯಿತು. ಒಳಗಿನ ಕತ್ತಲಕೋಣೆಯಲ್ಲಿ ಕೊಳವೆಯನ್ನು ಎತ್ತಿ ಹಿಡಿದರೆ ಅದರೊಳಗೆ ಬೆಳದಿಂಗಳು ಹೆಪ್ಪುಗಟ್ಟಿದ ಹಾಗೆ ತಣ್ಣನೆಯ ಬೆಳಕು. ನನ್ನ ಅಂಜಿಕೆಯಿಂದಾಗಿ ಸಸ್ಯಾಹಾರಿಯಾದ ಜೀವಿ ಅದು.

ಆಮೇಲೆ ತಿಂಗಳುಗಟ್ಟಲೆ ಅದರ ಕುಲಗೋತ್ರ ಹುಡುಕಿದೆ. ಗಾಜಿನ ಮೇಲೆ ಒಣಗಿಸಿ ನೇರಳೆ ಬಣ್ಣ ಹಾಕಿ ಸ್ಪಿರಿಟಿನಲ್ಲಿ ತೊಳೆದರೆ ಬಣ್ಣ ಬಿಟ್ಟುಕೊಟ್ಟಿತು. ಆಕಾರ, ತುಸು ಬಾಗಿದ ಸಣ್ಣ ಕಡ್ಡಿ. ಜೀವಂತ ಹನಿಯಲ್ಲಿ ನೋಡಿದರೆ ಸಾಲೆ ಬಿಟ್ಟ ಹುಡುಗರ ಹಾಗೆ ಓಡಾಟ. ಯಾವ ಸಕ್ಕರೆಯನ್ನು ಹುಳಿ ಮಾಡುತ್ತದೆ, ಯಾವುದನ್ನು ಮುಟ್ಟುವುದಿಲ್ಲ, ಎಲ್ಲ ನೋಡಿದೆ. ಜಿಲೆಟಿನ್ ಎಂಬುದು ಎಲುಬಿನಿಂದ ಆಗುವುದರಿಂದ ಅದರ ಪರೀಕ್ಷೆಯನ್ನು ಮಾತ್ರ ಸಾಲೆಯ ಕೋಣೆಯಲ್ಲಿ ಕದ್ದು ಮಾಡಿದೆ. ನನ್ನ ಬಳಿಯಿದ್ದ ಪುಸ್ತಕದ ಯಾವ ಜಾತಿಯ ಜೊತೆಗೂ ಅದು ಪೂರ್ತಿ ಕೂಡಲಿಲ್ಲ. ಒಂದರ ಮೂಗು ಹೋಲಿದರೆ ಇನ್ನೊಂದರ ನಡಿಗೆ ಹೋಲುತ್ತಿತ್ತು. ಒಂದು ಗುಣ ಮಾತ್ರ ಸ್ಪಷ್ಟ: ಉಪ್ಪಿಲ್ಲದೆ ಅದು ಬದುಕುವುದಿಲ್ಲ. ಸಿಹಿನೀರಿನ ಹನಿಯಲ್ಲಿ ಹಾಕಿದರೆ ನೋಡನೋಡುತ್ತ ಉಬ್ಬಿ, ಓಟ ನಿಂತು, ಒಡೆದು ಹೋಗುತ್ತಿತ್ತು. ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೆ. ಅದು ಸಮುದ್ರದ್ದೇ ಎಂಬುದಕ್ಕೆ ಅದೇ ಆಧಾರ.

ಹೆಸರು ಕೂಡ ನಿಶ್ಚಯಿಸಿದ್ದೆ. ಗೋಕಾವಿಗೆ ಲ್ಯಾಟಿನ್ ಬಾಲ ಅಂಟಿಸಿದ ಹೆಸರು. ನೂರಕ್ಕೂ ಹೆಚ್ಚು ಮೈಲು ದೂರದ ಉಪ್ಪುನೀರಿನ ಜೀವಿಗೆ ನಮ್ಮೂರ ಹೆಸರು ಇಡುವುದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮನುಷ್ಯ ಆಸೆಯಲ್ಲಿದ್ದಾಗ ಹೀಗೆಯೇ.

ಆಯಿಗೆ ಒಮ್ಮೆ ಕೊಳವೆ ತೋರಿಸಿದೆ. ಕತ್ತಲಲ್ಲಿ ಅದನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಇವು ಜೀವಾ ಏನ್ರಿ, ಮಾಸ್ತರ?"

"ಹೌದ್ರಿ ಆಯಿ. ಲಕ್ಷಗಟ್ಲೆ ಅದಾವ."

"ಇಷ್ಟ ಮಂದಿ ಇದರಾಗ ಹ್ಯಾಂಗ ಇರತಾವ್ರಿ? ನಮ್ಮ ನಾದಿನಿ ಮನಿಯಾಗ ನಾಕ ಮಂದಿಗೆ ಜಾಗಾ ಸಾಲೂದಿಲ್ಲ."

ನಕ್ಕರು. ಆಮೇಲೆ, ಕೆಲಸ ಮುಗಿದ ಕೊಳವೆಗಳನ್ನು ನಾನು ಏನು ಮಾಡುತ್ತೇನೆಂದು ಕೇಳಿದರು. ಕುದಿಸುತ್ತೇನೆ ಎಂದು ಹೇಳಬಾರದಿತ್ತು, ಹೇಳಿದೆ. ಅವರ ಮುಖ ಸಣ್ಣದಾಯಿತು. ಅಂದಿನಿಂದ ಕುದಿಸುವ ಕೆಲಸವೆಲ್ಲ ಸಾಲೆಗೆ ಹೋಯಿತು. "ನನ್ನ ಒಲಿ ಮ್ಯಾಲ ಬ್ಯಾಡ್ರಿ," ಎಂದಷ್ಟೇ ಹೇಳಿದ್ದರು.

ಮುಂಬಯಿಯ ಗುರುಗಳಿಗೆ ಎಲ್ಲವನ್ನೂ ಬರೆದೆ. ಹೊಸ ಜಾತಿಯಾಗಿರಬಹುದು, ಆದರೆ ಸತ್ತದ್ದನ್ನು ಗಾಜಿನ ಮೇಲೆ ಕಳಿಸಿದರೆ ಯಾರೂ ಒಪ್ಪುವುದಿಲ್ಲ, ಬೇಸಿಗೆ ಕಳೆದು ತಂಪಾದ ಕೂಡಲೆ ಜೀವಂತ ಕೊಳವೆಯೊಂದನ್ನು ನೀನೇ ತಾ ಎಂದು ಉತ್ತರ ಬಂತು. ಓದಿ ಕುಣಿಯಬೇಕಾಗಿತ್ತು. ನನಗೆ ಚಿಂತೆ ಹತ್ತಿತು. ಬೇಸಿಗೆ ಎದುರಿಗಿತ್ತು. ಈ ಜೀವಿಗಳಿಗೆ ಸೆಕೆ ಆಗದು. ಎಲ್ಲ ಒಂದೇ ಕಡೆ ಇಟ್ಟು ಬೆಂಕಿ ಬಿದ್ದರೆ, ಬೆಕ್ಕು ಹಾರಿದರೆ, ಮಾಳಿಗೆ ಕುಸಿದರೆ ಎಂದು ನೂರು ಕಲ್ಪನೆ ಮಾಡಿಕೊಂಡು, ಮೂರು ಊರಿಗೆ ಹಂಚಿದೆ. ಒಂದು ಪಾಲು ಗೋಕಾವಿಯಲ್ಲೇ, ಆಯಿಯ ಕತ್ತಲಕೋಣೆಯಲ್ಲಿ ಒದ್ದೆ ಉಸುಕಿನ ಗಡಿಗೆಯೊಳಗೆ. ಒಂದು ಮೂಡಲಗಿಯಲ್ಲಿ ನನ್ನ ಚಿಗವ್ವನ ಮನೆಯ ತಂಪಾದ ನೆಲಮಾಳಿಗೆಯಲ್ಲಿ. ಇನ್ನೊಂದು ಹುಕ್ಕೇರಿಯಲ್ಲಿ ದವಾಖಾನೆ ಇಟ್ಟಿದ್ದ ನನ್ನ ಗೆಳೆಯ ಡಾಕ್ಟರ್ ಈರಣ್ಣನ ಔಷಧದ ಕಪಾಟಿನಲ್ಲಿ.

ಬಿಸಿಲು ಏರಿತು. ಮೊದಲು ಹೋದದ್ದು ಮೂಡಲಗಿಯದು. ಅರಭಾವಿ ದಾಟಿ ಧೂಳು ತಿನ್ನುತ್ತ ನೋಡಲು ಹೋದೆ. ಚಿಗವ್ವ ಕೊಳವೆಯನ್ನು ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟಳು.

"ನಿನ್ನ ದೀಪಾ ಆರಿ ಹೋತಪಾ. ಎಣ್ಣಿ ಗಿಣ್ಣಿ ಹಾಕೂದಿತ್ತೇನ? ನೀ ಹೇಳಿದ್ರ ಹಾಕತಿದ್ನಿ."

ಗೋಕಾವಿಗೆ ಮರಳಿ ಉಸುಕಿನ ಗಡಿಗೆ ತೆಗೆದು ನೋಡಿದೆ. ಅವೂ ಆರಿದ್ದವು. ಹೆಸರುಕಾಳಿನ ಹೊಸ ಕಟ್ಟಿನ ಮೇಲೆ ದಾಟಿಸಿದೆ, ಬೆಳೆಯಲಿಲ್ಲ. ಉಳಿದದ್ದು ಹುಕ್ಕೇರಿಯ ಪಾಲು ಒಂದೇ. ಅದನ್ನು ತೆಗೆದುಕೊಂಡು ಕೂಡಲೆ ಬಾ ಎಂದು ಈರಣ್ಣನಿಗೆ ಹೇಳಿಕಳಿಸಿದೆ. ಅವನು ಬೆಳಗಿನ ಮೋಟಾರಿಗೆ ಬಂದ. ಬಾಗಿಲಲ್ಲೇ ನಿಂತು ಟೋಪಿ ತೆಗೆದು, ಜೇಬಿನಿಂದ ಕೊಳವೆ ಎಳೆದು ನನ್ನ ಕೈಗಿತ್ತ.

"ಪೇಶಂಟ್ ದಾರಿಯಾಗ ಹೋದ್ನೋ, ಮನಿಯಾಗ ಹೋದ್ನೋ ಗೊತ್ತಿಲ್ಲ. ನನ್ನ ಕಡೆ ಬಂದವರು ಹಿಂಗ ಹೋಗೂದು ಹೊಸಾದಲ್ಲ, ಬಿಡು. ಊಟಕ್ಕ ಏನ್ ಮಾಡ್ಯಾರ?"

ನನಗೆ ಉಣ್ಣಲು ಮನಸ್ಸಿರಲಿಲ್ಲ. ಆದರೂ ಉಂಡೆ; ಆ ರೊಟ್ಟಿ ಪಲ್ಯದ ವಿಷಯ ಆಗಲೇ ಹೇಳಿದ್ದೇನೆ. ಮುಂಬಯಿ ಮುಗಿಯಿತು ಎಂದುಕೊಂಡು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದೆ. ಈರಣ್ಣ ಪಕ್ಕದಲ್ಲಿ ಉರುಳಿಕೊಂಡಿದ್ದ. ಆಗ ಒಳಗಿನಿಂದ ಆಯಿ ಕರೆದರು.

"ಮಾಸ್ತರ, ಸ್ವಲ್ಪ ಬರ್ರಿ ಇಲ್ಲಿ. ನಿಮ್ಮ ಮಂದಿ ನನ್ನ ನೀರಾಗ ಬಂದಾರ."

ಕತ್ತಲಕೋಣೆ ಮನೆಯ ನಡುವಿನದು. ಮೇಲೆ ಒಂದು ಬೆಳಕಿಂಡಿ ಇತ್ತು. ನನ್ನ ಕೊಳವೆಗಳಿಗಾಗಿ ಅದಕ್ಕೆ ಗೋಣಿಚೀಲ ತುರುಕಿದ್ದೆ. ತಂಪಿಗೆಂದು ಆಯಿ ತಮ್ಮ ಕುಡಿಯುವ ನೀರಿನ ತಾಮ್ರದ ಸಣ್ಣ ಬಿಂದಿಗೆಯನ್ನೂ ಅಲ್ಲಿಯೇ ಇಡುತ್ತಿದ್ದರು. ಅವರು ಅದರ ಮುಚ್ಚಳ ತೆಗೆದು ಹಿಡಿದು ನಿಂತಿದ್ದರು. ಬಿಂದಿಗೆಯ ಬಾಯಿಯಲ್ಲಿ ದುಂಡಗೆ, ನೀಲಿ ಹಸಿರಾಗಿ, ನೀರು ಬೆಳಗುತ್ತಿತ್ತು. ಆ ಬೆಳಕಿನಲ್ಲಿ ಅವರ ಗದ್ದ ಕಾಣುತ್ತಿತ್ತು.

ಬಿಂದಿಗೆಯನ್ನು ಸ್ವಲ್ಪ ಅಲುಗಿಸಿದೆ. ಗಾಳಿ ತಾಗಿದಾಗ ಕೊಳವೆಯಲ್ಲಿ ಆಗುತ್ತಿದ್ದ ಹಾಗೆಯೇ ಬೆಳಕು ಹೆಚ್ಚಾಯಿತು. ಈರಣ್ಣ ಹಿಂದೆ ಬಂದು ನಿಂತಿದ್ದ. "ಕಾಣತೈತೇನೋ?" ಎಂದೆ. "ಕಾಣತೈತಿ," ಎಂದ. ಈ ಮಾತನ್ನು ದಯವಿಟ್ಟು ನೆನಪಿಡಿ.

ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಸಿಹಿನೀರು, ಬಾವಿಯದೇ ರುಚಿ. ಈರಣ್ಣನಿಗೂ ಕೊಟ್ಟೆ, ಅವನು ಚಪ್ಪರಿಸಿ ಅದನ್ನೇ ಹೇಳಿದ. ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಾಗಿದ ಸಣ್ಣ ಕಡ್ಡಿಗಳು, ಅದೇ ಓಟ. ಸಿಹಿನೀರಿನಲ್ಲಿ, ಅದೂ ತಾಮ್ರದ ಪಾತ್ರೆಯಲ್ಲಿ. ತಾಮ್ರ ಇಂಥವಕ್ಕೆ ಯಮನೆಂದು ಮುಂಬಯಿಯಲ್ಲಿ ಮೊದಲ ವಾರವೇ ಕಲಿಸಿದ್ದರು.

ಈರಣ್ಣ ಕಣ್ಣಿಟ್ಟು ನೋಡಿ, "ವಾಂತಿಭೇದಿ ಕ್ರಿಮಿ ಹಂಗ ಬಾಗ್ಯಾವಲ್ಲೋ," ಎಂದ. ನಾನು ನಾಲಿಗೆಯನ್ನು ಅಂಗವಸ್ತ್ರದಿಂದ ಒರೆಸಿಕೊಂಡೆ. ಅವನು ನನ್ನ ಮುಖ ನೋಡಿ ನಕ್ಕ. "ಹೆದರಬ್ಯಾಡ. ಅವು ದೀಪಾ ಹಚ್ಚಿಕೊಂಡ ಬರೂದಿಲ್ಲ."

ಉಸುಕಿನ ಗಡಿಗೆಯನ್ನು ಹೊರಗೆ ತಂದು ನನ್ನ ಕೊಳವೆಗಳನ್ನೆಲ್ಲ ಪರೀಕ್ಷಿಸಿದೆ. ಎಲ್ಲ ಇದ್ದವು. ಹತ್ತಿಯ ಬಿರಡೆಗಳು ಹಾಕಿದ್ದು ಹಾಕಿದಂತೆ. ಯಾವುದೂ ಒಡೆದಿರಲಿಲ್ಲ, ಸೋರಿರಲಿಲ್ಲ. ನನ್ನ ಕೈಯಿಂದಲೇ ಒಂದಿಷ್ಟು ದಾಟಿತೆನ್ನೋಣ. ದಾಟಿದ್ದು ಆ ನೀರಿನಲ್ಲಿ ಬದುಕಬಾರದಲ್ಲ. ಹಾಗಾದರೆ ಇವು ಬಾವಿಯ ಬೇರೆ ಯಾವುದೋ ಜೀವಿಗಳೇ? ಬಾವಿಯಿಂದ ಹೊಸ ನೀರು ಸೇದಿ, ಕತ್ತಲಿಗೆ ಒಯ್ದು ನೋಡಿದೆ. ಬೆಳಕಿಲ್ಲ. ಹನಿಯಲ್ಲಿ ನೋಡಿದೆ. ಅಂಥ ಕಡ್ಡಿ ಒಂದೂ ಇಲ್ಲ. ಬಿಂದಿಗೆಯ ಹನಿಯನ್ನು ಆ ಬಾವಿನೀರಿಗೆ ಸೇರಿಸಿದೆ. ನನ್ನ ಕಣ್ಣೆದುರೇ ಉಬ್ಬಿ, ನಿಂತು, ಒಡೆದವು. ಅದೇ ಬಾವಿಯ ನೀರು. ಬಿಂದಿಗೆಯ ನೀರಿನಲ್ಲಿ ಬದುಕಿದ್ದವು, ಹೊಸದಾಗಿ ಸೇದಿದ ನೀರಿನಲ್ಲಿ ಸಾಯುತ್ತಿದ್ದವು. ಹಾಗಾದರೆ ಇವು ನನ್ನವೇ. ಆದರೆ ನನ್ನವು ಬಿಂದಿಗೆಯಲ್ಲಿ ಇರಲಾರವು. ಆದರೆ ಇದ್ದವು. ಇದೇ ದಾರಿಯಲ್ಲಿ ತಿರುಗಿ ತಿರುಗಿ ನನಗೆ ತಲೆಸುತ್ತು ಬಂತು.

ಹೊತ್ತು ಇಳಿಯತೊಡಗಿತು. ಆಗ ಗಮನಕ್ಕೆ ಬಂತು, ಆಯಿ ಬಾವಿಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರು. ತುಟಿ ಒಣಗಿ ಬಿಳಿಚಿತ್ತು. ಹಿಂದಿನ ವಾರವಷ್ಟೇ ಜ್ವರದಿಂದ ಎದ್ದವರು.

"ನೀರ ಕುಡದಿಲ್ಲೇನ್ರಿ, ಆಯಿ?"

"ಹ್ಯಾಂಗ ಕುಡೀಲಿ? ನಾ ಸೋಸಿದ ನೀರಾಗ ಅಷ್ಟ ಜೀವ ಅದಾವ. ಅವನ್ನ ಅವರ ನೀರಿಗೆ ಮುಟ್ಟಸಬೇಕು. ಆಮ್ಯಾಲ ನನ್ನ ಗಂಟಲ."

"ಹೊತ್ತ ಮುಳುಗಾಕ ಬಂತಲ್ರಿ."

"ಅದಕ್ಕ ನಿಮ್ಮ ದಾರಿ ಕಾಯಾಕತ್ತೇನಿ. ನೀವು ಕಲತವರು. ಇವು ಎಲ್ಲೀವು ಹೇಳ್ರಿ. ಬಾವೀವಾದ್ರ ಈಗ ಇಳಬಿಡತೇನಿ. ಸಮುದ್ರದ್ದಾದ್ರ ನೀವು ಹೊತಗೊಂಡ ಹೋಗ್ರಿ. ನೀವು ಹೊಸ್ತಿಲ ದಾಟಿದ್ರಿ ಅಂದ್ರ ನನ್ನ ಭಾರ ಇಳೀತು."

ತಿಂಗಳುಗಟ್ಟಲೆ ನಾನು ಕೇಳಿಕೊಂಡ ಪ್ರಶ್ನೆಯೇ ಅದು. ಇದು ಯಾವುದು, ಎಲ್ಲಿಯದು, ಯಾರ ಕುಲದ್ದು. ಆದರೆ ಅದಕ್ಕೆ ಉತ್ತರ ಕೊಡುವುದರೊಳಗೆ ಒಬ್ಬರ ಗಂಟಲು ಒಣಗುತ್ತದೆ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಸೂರ್ಯ ಗುಡ್ಡದ ಮೇಲೆ ಕುಳಿತಿದ್ದ. ಅವನು ಇಳಿದುಹೋದರೆ ಆ ಸೆಕೆಯಲ್ಲಿ ಆಯಿ ಬೆಳಗಿನ ತನಕ ಹನಿ ನೀರಿಲ್ಲದೆ ಇರುವವರು. ಇದ್ದೇ ಇರುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಈರಣ್ಣ ಅವರ ನಾಡಿ ಹಿಡಿದು ನೋಡಿ ನನ್ನ ಕಡೆ ತಿರುಗಿ, ಮೊದಲ ಸಲ ನಗದೆ, "ಏನರ ಒಂದ ಹೇಳೋ," ಎಂದ.

ಬಾವಿಯವು ಎಂದರೆ ಸುಲಭ. ಆದರೆ ಬಾವಿಯವು ಎಂದರೆ ಇವು ನನ್ನವಲ್ಲ, ನನ್ನವು ಎಲ್ಲ ಸತ್ತವು, ಹೊಸ ಜಾತಿಯೂ ಇಲ್ಲ ಮುಂಬಯಿಯೂ ಇಲ್ಲ. ಅದೂ ಅಲ್ಲದೆ ಬಾವಿಗೆ ಬಿದ್ದ ಕೂಡಲೆ ಅವು ಒಡೆದುಹೋಗುವುದನ್ನು ನಾನು ನೋಡಿದ್ದೆ. ಆಯಿಯ ಲೆಕ್ಕದಲ್ಲಿ ಅದು ಅವರ ಕೈಯಿಂದಾದ ಕೊಲೆ. ಸಮುದ್ರದವು ಎಂದರೆ ನನ್ನ ಶೋಧ ನಿಜ. ಆದರೆ ಆಗ ಅವನ್ನು ಹೊತ್ತುಕೊಂಡು ಹೋಗಿ ಸಮುದ್ರಕ್ಕೆ ಚೆಲ್ಲಬೇಕು. ಜಗತ್ತಿನಲ್ಲಿ ಉಳಿದ ಒಂದೇ ಜೀವಂತ ಪುರಾವೆ ಅದು. ನನ್ನವು ಎಂದರೆ ಸಮುದ್ರಕ್ಕೆ ಕೊಡಬೇಕು, ನನ್ನವಲ್ಲ ಎಂದರೆ ಬಾವಿಗೆ. ಅರ್ಧ ಅಲ್ಲಿಗೆ ಅರ್ಧ ಇಲ್ಲಿಗೆ ಎಂದು ನನ್ನ ಹಳೆಯ ಚಟದಂತೆ ಬಾಯಿ ತೆರೆದೆ. ಆಯಿ ನಡುವೆಯೇ ತಡೆದರು. "ಇವು ಹೊಲಾ ಅಲ್ರಿ, ಪಾಲ ಮಾಡಾಕ."

"ಸಮುದ್ರದವ್ರಿ," ಎಂದೆ.

ಯಾಕೆ ಹಾಗೆಂದೆ? ಪರೀಕ್ಷೆಗಳ ಮೇಲಿನ ವಿಶ್ವಾಸವೋ, ಈರಣ್ಣ ಹೇಳಿದ ವಾಂತಿಭೇದಿಯ ಹೆದರಿಕೆಯೋ, ಆ ಲ್ಯಾಟಿನ್ ಬಾಲದ ಮೋಹವೋ, ನನಗೆ ಇಂದಿಗೂ ಬಿಡಿಸಲು ಬಂದಿಲ್ಲ. ಆಯಿ ಮಾತ್ರ ತಡಮಾಡಲಿಲ್ಲ. ಬಿಂದಿಗೆಯ ಬಾಯಿಗೆ ತಾವೇ ಅರಿವೆ ಕಟ್ಟಿ ನನ್ನ ಕೈಗೆ ಕೊಟ್ಟರು. "ಸುರುವಿದ ಮ್ಯಾಲ ಅದ ನೀರಾಗ ಬಿಂದಿಗಿ ತೊಳೀರಿ. ಒಂದೂ ಹಿಂದ ಉಳೀಬಾರದು." ನಾನು ಹೊಸ್ತಿಲು ದಾಟಿ ತಿರುಗಿ ನೋಡಿದೆ. ಆಯಿ ಹೊಸ ನೀರು ಸೋಸಿ, ಅರಿವೆ ತೊಳೆದು ಬಾವಿಗೆ ಇಳಿಬಿಟ್ಟು, ಆಮೇಲೆ ತಂಬಿಗೆ ಎತ್ತಿದರು. ಗುಡ್ಡದ ಮೇಲೆ ಇನ್ನೂ ಒಂದು ಗೆರೆ ಬಿಸಿಲಿತ್ತು.

ಗೋಕಾಕ ರೋಡ ಸ್ಟೇಶನ್ನಿನಿಂದ ರೈಲು, ಹುಬ್ಬಳ್ಳಿಯಿಂದ ಮೋಟಾರು. ರೈಲಿನ ಡಬ್ಬಿಯಲ್ಲಿ ದೀಪ ಮಂದವಾದಾಗ ಅರಿವೆ ಸರಿಸಿ, ಅಂಗವಸ್ತ್ರವನ್ನು ತಲೆಯ ಮೇಲೆ ಮುಸುಕು ಹಾಕಿಕೊಂಡು ಬಿಂದಿಗೆಯೊಳಗೆ ನೋಡಿದೆ. ಬೆಳಕಿರಲಿಲ್ಲ. ಅಲುಗಿಸಿದೆ. ಇಲ್ಲ. ಎದುರಿನ ಬೆಂಚಿನ ಮೇಲಿದ್ದವರು ತಮ್ಮ ಗಂಟುಗಳನ್ನು ಹತ್ತಿರ ಎಳೆದುಕೊಂಡರು. ಇಳಿದು ಮರಳಿ ಹೋಗಿಬಿಡಲೇ ಎನ್ನಿಸಿತು. ಆದರೆ ಆಯಿ ನೀರು ಕುಡಿದದ್ದು ನಾನು ಹೋಗುತ್ತೇನೆಂದು. ಹೋಗದಿದ್ದರೆ ಆ ನೀರನ್ನು ಅವರ ಹೊಟ್ಟೆಯಿಂದ ಹೇಗೆ ಹಿಂದಕ್ಕೆ ತರಲಿ?

ಕಾರವಾರದ ದಂಡೆಯಲ್ಲಿ ಧೋತರ ಎತ್ತಿಕೊಂಡು ಮೊಣಕಾಲುಮಟ್ಟ ನೀರಿಗಿಳಿದೆ. ಬಲೆ ಒಣಹಾಕುತ್ತಿದ್ದ ಒಬ್ಬ ಮುದುಕ ನನ್ನ ಕೈಯ ಬಿಂದಿಗೆ, ಅದರ ಬಾಯಿಗೆ ಕಟ್ಟಿದ ಬಿಳಿ ಅರಿವೆ ನೋಡಿ, ಕೆಲಸ ಬಿಟ್ಟು ಎದ್ದುನಿಂತ.

"ಯಾರು ತೀರಿಹೋದ್ರು? ಅಪ್ಪನಾ?" ಎಂದು ಮೆಲ್ಲಗೆ ಕೇಳಿದ.

"ಯಾರೂ ಇಲ್ಲ," ಎಂದೆ. ಅವನು ನಂಬಲಿಲ್ಲ. ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡ. ಹಾಗೆ ನಿಂತವನೆದುರು ಸುಮ್ಮನೆ ಇರಲಾಗದೆ, "ಬಹಳ ಮಂದಿ," ಎಂದುಬಿಟ್ಟೆ.

ಸುರಿಯುವ ಮುನ್ನ ಕೊನೆಯ ಸಲ ಎಂದು ಬಿಂದಿಗೆಯೊಳಗೆ ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡೆ. ಉಪ್ಪು. ಸಮುದ್ರದಷ್ಟೇ ಉಪ್ಪು. ನಾನು ಏನಾದರೂ ಯೋಚಿಸುವುದರೊಳಗೆ ಒಂದು ತೆರೆ ಸೊಂಟಕ್ಕೆ ಬಡಿಯಿತು, ಬಿಂದಿಗೆ ವಾಲಿತು, ನೀರು ನೀರಿಗೆ ಹೋಯಿತು. ಆಮೇಲೆ ಆಯಿ ಹೇಳಿದಂತೆ ಸಮುದ್ರದಲ್ಲೇ ಬಿಂದಿಗೆಯನ್ನು ಚೆನ್ನಾಗಿ ತೊಳೆದೆ. ಊರು ಮುಟ್ಟುವಾಗ ಅದರ ಒಳಮೈಯಲ್ಲಿ ಉಪ್ಪಿನ ಬಿಳಿ ಗೆರೆ ಎದ್ದಿತ್ತು. ಅದು ಯಾವ ನೀರಿನದೆಂದು ಈಗ ಯಾರು ಹೇಳಬೇಕು? ಸಾಕ್ಷಿಯನ್ನು ನಾನೇ ಮೂರು ಸಲ ಗಲಬರಿಸಿ ತೊಳೆದಿದ್ದೆ.

"ಮುಟ್ಟಿದುವೇನ್ರಿ?" ಎಂದು ಆಯಿ ಕೇಳಿದರು.

"ಮುಟ್ಟಿದುವ್ರಿ."

ಮುಂಬಯಿಗೆ, ಎಲ್ಲವೂ ಸೆಕೆಗೆ ಸತ್ತವು ಎಂದು ಬರೆದೆ. ಬಿಂದಿಗೆಯ ಸುದ್ದಿ ಬರೆಯಲಿಲ್ಲ. ಬರೆದಿದ್ದರೆ ಜಾಗ ಪ್ರಯೋಗಶಾಲೆಯಲ್ಲಿ ಅಲ್ಲ, ಬೇರೆಲ್ಲೋ ಸಿಗುತ್ತಿತ್ತು. ಬೇಸರವಿಲ್ಲ, ಮತ್ತೆ ಹುಡುಕು ಎಂದು ಗುರುಗಳು ಉತ್ತರಿಸಿದರು. ಎಷ್ಟೋ ರಜೆಗಳಲ್ಲಿ ಅದೇ ದಂಡೆಗೆ ಹೋಗಿ ನೀರು ತಂದೆ. ಬೆಳಗುವ ಬ್ಯಾಕ್ಟೀರಿಯಗಳು ಸಿಕ್ಕವು, ಸಿಕ್ಕವೆಲ್ಲ ಪುಸ್ತಕದಲ್ಲಿ ತಮ್ಮ ತಮ್ಮ ಜಾಗದಲ್ಲಿ ವಿಧೇಯವಾಗಿ ಕುಳಿತವು. ಹೆಸರುಕಾಳಿನ ಕಟ್ಟನ್ನು ಯಾವುದೂ ಮೂಸಲಿಲ್ಲ. ಮೆಲ್ಲಗೆ ಮುಂಬಯಿಯ ಮಾತು ನಿಂತಿತು. ನಾನು ಮಾಸ್ತರನಾಗಿಯೇ ಉಳಿದೆ, ಮದುವೆಯಾದೆ, ಕನ್ನಡಕ ದಪ್ಪವಾಯಿತು.

ಆಯಿ ಇರುವ ತನಕ ಆಗಾಗ, "ನಿಮ್ಮ ಮಂದಿ ಆರಾಮ ಅದಾರೇನ್ರಿ?" ಎಂದು ಕೇಳುತ್ತಿದ್ದರು. ಚೇಷ್ಟೆಯೋ ನಿಜವಾದ ಕ್ಷೇಮಸಮಾಚಾರವೋ ತಿಳಿಯುತ್ತಿರಲಿಲ್ಲ. ಅವರು ತೀರಿಕೊಂಡ ಮೇಲೆ ಉಳಿದ ಸಾಕ್ಷಿ ಈರಣ್ಣ ಒಬ್ಬನೇ. ಮೊನ್ನೆ ಹುಕ್ಕೇರಿಗೆ ಹೋದಾಗ ಕೇಳಿದೆ. ಬಂದದ್ದು, ರೊಟ್ಟಿ ತಿಂದದ್ದು, ಹನಿಯಲ್ಲಿ ಕ್ರಿಮಿ ನೋಡಿದ್ದು ಎಲ್ಲ ಒಪ್ಪಿದ. ಬೆಳಕಿನ ಮಾತು ಬಂದಾಗ ತಲೆ ಅಲ್ಲಾಡಿಸಿದ.

"ನಿನ್ನ ಗೋಣಿಚೀಲ ಸರದಿತ್ತೋ ಮಾರಾಯಾ. ಬೆಳಕಿಂಡಿ ಬಿಸಲ ನೀರಾಗ ಬಿದ್ದಿತ್ತು."

"ನೀನ ಕಾಣತೈತಿ ಅಂದ್ಯಲ್ಲೋ."

"ಬಿಸಲ ಕಾಣತಿತ್ತು, ಅದಕ್ಕ ಅಂದ್ನಿ. ನಿನ್ನ ಮಾರಿ ಅವತ್ತ ಹ್ಯಾಂಗಿತ್ತಂದ್ರ, ನಾ ಇಲ್ಲ ಅಂದಿದ್ರ ನೀನೂ ನನ್ನ ಪೇಶಂಟ್ ಆಗತಿದ್ದಿ."

ಇರಬಹುದು. ಗೋಣಿಚೀಲವನ್ನು ಜಗ್ಗಿ ನೋಡಿದ್ದೆನೇ? ಬೀಗವನ್ನು ಎರಡು ಸಲ ಜಗ್ಗುವ ನಾನು ಅದನ್ನು ನೋಡದೆ ಬಿಟ್ಟಿರುತ್ತೇನೆಯೇ? ಆದರೆ ಬಿಸಿಲಿನ ಬೆಳಕು ನೀಲಿ ಹಸಿರಾಗಿ, ಅಲುಗಿಸಿದರೆ ಹೆಚ್ಚಾಗುವುದಿಲ್ಲ. ಹೆಚ್ಚಾಯಿತು ಎಂದು ನನಗೆ ಅನ್ನಿಸಿತೇ, ಅಥವಾ ಹೆಚ್ಚಾಯಿತೇ?

ಎಲ್ಲ ಬಿಟ್ಟು ನಾನು ಮತ್ತೆ ಮತ್ತೆ ಮರಳುವುದು ಆ ಬೆರಳಿಗೆ. ಗೋಕಾವಿಯಲ್ಲಿ ಸಿಹಿಯಿದ್ದ ನೀರು ಕಾರವಾರದಲ್ಲಿ ಉಪ್ಪಾಗಿತ್ತು. ಅದು ನಿಜವಾದರೆ ನನಗೆ ತಿಳಿದದ್ದೆಲ್ಲ ಸುಳ್ಳು. ಅದು ಸುಳ್ಳಾದರೆ, ಅದ್ದಿದ ಬೆರಳಿಗೆ ಮೊದಲೇ ಸಮುದ್ರದ ನೀರು ತಾಗಿತ್ತೆಂದು ಅರ್ಥ, ವಿಷಯ ಮುಗಿಯಿತು. ಧೋತರವನ್ನು ಎತ್ತಿ ಹಿಡಿದ ಕೈ ಖಂಡಿತ ಒದ್ದೆಯಾಗಿತ್ತು. ಬಿಂದಿಗೆ ಕಂಕುಳಲ್ಲಿತ್ತು. ಅರಿವೆಯ ಗಂಟನ್ನು ಬಿಚ್ಚಿದ ಕೈ ಒಣಗಿರಬೇಕು, ಏಕೆಂದರೆ ಅರಿವೆ ಒದ್ದೆಯಾಗಿರಲಿಲ್ಲ. ಅದ್ದಿದ ಬೆರಳು ಯಾವ ಕೈಯದು? ಈಗಲೂ ಕೆಲವೊಮ್ಮೆ ಹಿತ್ತಿಲಲ್ಲಿ ಕೈಕಾಲು ತೊಳೆಯುವಾಗ ಧೋತರ ಎತ್ತಿಕೊಂಡು, ಚೆಂಬನ್ನು ಕಂಕುಳಲ್ಲಿ ಇರುಕಿಕೊಂಡು ನಿಂತು ನೋಡುತ್ತೇನೆ. ಹೆಂಡತಿ ಬಾಗಿಲಿಗೆ ಬಂದು, ಏನು ನಡೆಸಿದ್ದೀರಿ ಎಂದು ಕೇಳುತ್ತಾಳೆ. ಒಂದು ಸಲ ಎಡಗೈ ಎನ್ನಿಸುತ್ತದೆ, ಒಂದು ಸಲ ಬಲಗೈ.